ಬಿಲ್ಹಣನಿಗೆ ಕನ್ನಡ ಬರುತ್ತಿತ್ತೇ?

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಬಸವಕಲ್ಯಾಣದ ಹುಡುಗಿಯ ನೋಟ್‌ಬುಕ್ ಕಣ್ಣಿಗೆ ಬೀಳದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ನರ್ಸಿಂಗ್ ಮುಗಿಸಿದ ಆಕೆ ಬ್ರಿಟನ್ನಿಗೆ ಹೋಗಲು ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಓದುತ್ತಿದ್ದಾಳೆ, ಪರೀಕ್ಷೆ ಬರೆಯಲು ಹೈದರಾಬಾದಿಗೆ ಹೋಗಬೇಕು. ಕೈಗೆ ಸಿಕ್ಕ ಅಭ್ಯಾಸ ಪುಸ್ತಕಗಳೆಲ್ಲ ಮುಗಿದು ಉತ್ತರಗಳು ಬಾಯಿಪಾಠ ಆಗಿಬಿಟ್ಟಿವೆ. ಅದಕ್ಕೇ ಆಕೆ ಮತ್ತು ಗೆಳತಿ ತಮ್ಮೂರಿನ ಇತಿಹಾಸವನ್ನು ಇಂಗ್ಲಿಷಿನಲ್ಲಿ ಒಂದೊಂದು ಪುಟ ಬರೆದು, ಪ್ರಶ್ನೆ ತೆಗೆದು, ಅದಲುಬದಲು ಮಾಡಿಕೊಳ್ಳುತ್ತಾರೆ.

ಐಇಎಲ್‌ಟಿಎಸ್ 1989ರದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗ, 9ರವರೆಗೆ ಬ್ಯಾಂಡ್. ಇದೆಲ್ಲ ಮನೆಯಲ್ಲೊಬ್ಬರು ವಿದೇಶಕ್ಕೆ ಹೊರಟ ಎಲ್ಲರಿಗೂ ಗೊತ್ತು. ನನಗೆ ಮಜಾ ಕೊಟ್ಟಿದ್ದು ಓದುವ ಭಾಗದ ‘ಟ್ರೂ, ಫಾಲ್ಸ್, ನಾಟ್ ಗಿವನ್’. ಒಂದು ಹೇಳಿಕೆ ಕೊಟ್ಟ ಪುಟಕ್ಕೆ ಹೊಂದುತ್ತದೆಯೇ, ವಿರುದ್ಧವೇ, ಇಲ್ಲಾ ಪುಟ ಅದರ ಬಗ್ಗೆ ಏನೂ ಹೇಳಿಲ್ಲವೇ ಎಂದು ಗುರುತಿಸಬೇಕು. 60 ನಿಮಿಷಕ್ಕೆ 40 ಪ್ರಶ್ನೆ. ಅದರಲ್ಲಿ ಜಾಣರನ್ನೇ ಹಿಡಿದು ಕೆಡವುವ ಪ್ರಶ್ನೆ ಇದು.

ಗೆಳತಿ ಬರೆದ ಪುಟ ಹೀಗಿತ್ತು: ಒಂದನೇ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. 1076ರಲ್ಲಿ ಆರನೇ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ಪಟ್ಟವೇರಿದ. ಕಾಶ್ಮೀರದ ಬಿಲ್ಹಣ ಮಥುರೆ, ಕನೌಜು, ಕಾಶಿ, ಗುಜರಾತು ಸುತ್ತಿ ಬಂದು ಅವನ ಆಸ್ಥಾನದಲ್ಲಿ ವಿದ್ಯಾಪತಿಯಾದ, ಸಂಸ್ಕೃತದಲ್ಲಿ ‘ವಿಕ್ರಮಾಂಕದೇವಚರಿತ’ ಬರೆದ.

‘ವಿಕ್ರಮಾದಿತ್ಯ ಅಣ್ಣನ ನಂತರ ಅರಸನಾದ’ ಎಂಬುದು ಟ್ರೂ. ‘ಕಲ್ಯಾಣವನ್ನು ರಾಜಧಾನಿ ಮಾಡಿದ್ದು ವಿಕ್ರಮಾದಿತ್ಯ’ ಎಂದರೆ ಫಾಲ್ಸ್, ಪುಟವೇ ಬೇರೆ ಹೆಸರು ಹೇಳುತ್ತದೆ. ಮೂರನೆಯದು: ‘ಬಿಲ್ಹಣನಿಗೆ ಕನ್ನಡ ಬರುತ್ತಿತ್ತು.’

ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. “ರಾಜನ ಮನ್ಯಾಗ ಇದ್ದಂವಗ ಕನ್ನಡ ಬರಲ್ದೇ ಇರ್ತದೇನವ್ವಾ?”

“ಬರ್ತಿರಬೇಕ್ರಿ ಕಾಕಾ. ಆದ್ರ ಈ ಪುಟದಾಗ ಬರ್ದಿಲ್ರಿ.”

ಉತ್ತರ ನಾಟ್ ಗಿವನ್. ಕಾಕಾ ಒಪ್ಪಲಿಲ್ಲ, ಬಸ್ ಬರುವವರೆಗೂ ಒಪ್ಪಲಿಲ್ಲ. ಅವರ ವಾದ ಸುಳ್ಳೇನಲ್ಲ. ಕನ್ನಡ, ಉರ್ದು, ಮರಾಠಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಬೀದರ್ ಸೀಮೆಯವರಿಗೆ, ಪರದೇಶಿ ಬಂದು ವರ್ಷಗಟ್ಟಲೆ ಇದ್ದೂ ಇಲ್ಲಿಯ ಮಾತು ಕಲಿಯಲಿಲ್ಲ ಎಂದರೆ ನಂಬಿಕೆ ಹುಟ್ಟೀತೇ? ಪರೀಕ್ಷೆಗೆ ಮಾತ್ರ ಇದು ಬೇಡ. ಹೊರಗಿನಿಂದ ತಂದ ತಿಳಿವಳಿಕೆಗೆ ಅಲ್ಲಿ ಅಂಕವಿಲ್ಲ. ಕಲ್ಯಾಣದವರಿಗೇ ಕಲ್ಯಾಣದ ಪುಟ ಹೆಚ್ಚು ಕಷ್ಟ, ಏಕೆಂದರೆ ಅವರಿಗೆ ಹೆಚ್ಚು ಗೊತ್ತು. ಹುಡುಗಿಯರು ಬೇಕೆಂತಲೇ ತಮ್ಮೂರನ್ನು ಆರಿಸಿಕೊಂಡದ್ದು ಇದಕ್ಕೇ. ಇಂಥ ಉಪಾಯ ನಾನು ಯಾವ ಕೋಚಿಂಗ್ ಜಾಹೀರಾತಿನಲ್ಲೂ ಕಂಡಿಲ್ಲ. (ಬಿಲ್ಹಣ ಕಾವ್ಯದ ಹದಿನೆಂಟನೇ ಸರ್ಗದಲ್ಲಿ ತನ್ನ ಊರು, ಮನೆತನ, ಅಲೆದಾಟ ಎಲ್ಲ ಹೇಳಿಕೊಂಡಿದ್ದಾನೆ. ಕೆಲಸ ಹುಡುಕಿ ಬಂದವನಿಗೆ ಚಾಲುಕ್ಯರು ಭಾಷಾ ಪರೀಕ್ಷೆ ಇಟ್ಟಿದ್ದರೆ ಅದನ್ನೂ ಕೊಚ್ಚಿಕೊಳ್ಳುತ್ತಿದ್ದನೋ ಏನೋ.)

ಮಾತಿನ ಪರೀಕ್ಷೆಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಿ ಎರಡು ನಿಮಿಷ ಮಾತಾಡು ಎಂದರೆ ಭಾಷೆಗಿಂತ ಧೈರ್ಯವೇ ಅಳತೆಗೆ ಸಿಗುವುದು. ಅದಕ್ಕೆ ಬಸವಕಲ್ಯಾಣದ ಹುಡುಗಿ ಹೆದರಿಲ್ಲ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಓದು, ಮಾತು, ಕೇಳುವಿಕೆಗೆ 7 ಕೇಳುತ್ತದೆ, ಬರವಣಿಗೆಗೆ ಮಾತ್ರ 6.5. ಆ ಅರ್ಧ ಅಂಕದ ರಿಯಾಯಿತಿ ಇದ್ದರೂ ಆಕೆಗೆ ಚಿಂತೆ 250 ಪದಗಳ ಪ್ರಬಂಧದ್ದೇ. ಅಲ್ಲಿ ಅಭಿಪ್ರಾಯ ಹೇಳಲೇಬೇಕು, ನಾಟ್ ಗಿವನ್ ಎಂದು ಬರೆದು ಏಳುವ ಹಾಗಿಲ್ಲ.