ಹಳೆಯ ಟ್ಯಾಂಕಿಗೆ ಹಿಂಬಾಗಿಲು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಕಬ್ಬು ಸಾಗುವ ಕಾಲಕ್ಕೆ ಒಂದು ಮಳೆ ಬಿದ್ದರೆ ಸಾಕು, ತುಂಬಿದ ಟ್ರೇಲರಿನ ಗಾಲಿಗಳು ಎರೆಮಣ್ಣಿನಲ್ಲಿ ಹೂತುಹೋಗುವುದನ್ನು ನಾವು ಕಾಣುತ್ತೇವೆ. ಆದರೆ 36 ಟನ್ ತೂಗುವ ಟಿ-55 ಟ್ಯಾಂಕು ಮೆತ್ತನೆಯ ನೆಲದಲ್ಲಿಯೂ ಸುಲಭವಾಗಿ ಹೂಳುವುದಿಲ್ಲ. ಅದರ ಭಾರವು ಅಗಲವಾದ ಎರಡು ಉಕ್ಕಿನ ಪಟ್ಟಿಗಳ ಮೇಲೆ ಹರಡಿಕೊಳ್ಳುವುದರಿಂದ, ಒಂದು ಚದರ ಸೆಂಟಿಮೀಟರು ನೆಲದ ಮೇಲೆ ಬೀಳುವ ಭಾರವು ಸುಮಾರು 0.8 ಕಿಲೋಗ್ರಾಂ ಮಾತ್ರ.

ಟ್ಯಾಂಕಿನ ತೋಪು ಕೆಲವು ದಶಕಗಳಲ್ಲಿ ಹಳತಾಗುತ್ತದೆ. ದಪ್ಪ ಉಕ್ಕಿನ ಒಡಲು ಅಷ್ಟು ಬೇಗ ಕೆಡುವುದಿಲ್ಲ. ಇತ್ತ, ಟ್ಯಾಂಕಿನೊಡನೆ ಮುನ್ನಡೆಯಬೇಕಾದ ಕಾಲಾಳುಗಳಿಗೆ ಅಂಥ ಕವಚವಿರುವುದಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ನಮ್ಮ ಬೆಳಗಾವಿ ಜಿಲ್ಲೆಯಿಂದ ಎಷ್ಟೋ ತರುಣರು ಸೈನ್ಯವನ್ನು ಸೇರುತ್ತಾರೆ. ಇಂಥವರನ್ನು ಗುಂಡಿನ ಮಳೆಯಲ್ಲಿ ಕ್ಷೇಮವಾಗಿ ಒಯ್ಯಲು ಹಳೆಯ ಟ್ಯಾಂಕು ಒದಗೀತೇ?

ಈ ಪ್ರಯೋಗವು 1944ರ ಆಗಸ್ಟಿನಲ್ಲಿ ನಡೆಯಿತು. ಫ್ರಾನ್ಸಿನ ನಾರ್ಮಂಡಿಯಲ್ಲಿ ಕೆನಡಾದ ಸೈನ್ಯವು, ಟ್ಯಾಂಕಿನ ಅಡಿಗಟ್ಟಿನ ಮೇಲೆ ನಿಲ್ಲಿಸಿದ್ದ ಫಿರಂಗಿಗಳನ್ನು ಕಿತ್ತು, ಆ ಜಾಗದಲ್ಲಿ ಸೈನಿಕರನ್ನು ಕೂಡಿಸಿತು. ಇವಕ್ಕೆ 'ಕಾಂಗರೂ' ಎಂದು ಹೆಸರಾಯಿತು. ಆದರೆ ಇಳಿಯುವಾಗ ಸೈನಿಕರು ಮೇಲಿನ ಅಂಚನ್ನು ಹತ್ತಿ ಧುಮುಕಬೇಕಾಗಿತ್ತು. ಶತ್ರುವಿಗೆ ಅದಕ್ಕಿಂತ ಒಳ್ಳೆಯ ಗುರಿ ಬೇರೆ ಬೇಕೇ?

ಹಿಂದೆ ಬಾಗಿಲಿದ್ದರೆ ಗಾಡಿಯ ಮರೆಯಲ್ಲೇ ಇಳಿಯಬಹುದಲ್ಲ ಎಂದು ವಾಚಕರು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಟಿ-55ರಂಥ ಟ್ಯಾಂಕುಗಳಲ್ಲಿ ಎಂಜಿನು ಹಿಂಬದಿಯ ಜಾಗವನ್ನೆಲ್ಲ ಆಕ್ರಮಿಸಿರುತ್ತದೆ. 1990ರ ದಶಕದಲ್ಲಿ ರಷ್ಯದವರು ಇದೇ ಟ್ಯಾಂಕಿನಿಂದ ಬಿಟಿಆರ್-ಟಿ ಎಂಬ ವಾಹನವನ್ನು ರೂಪಿಸಿದಾಗ ಎಂಜಿನನ್ನು ಕದಲಿಸಲಿಲ್ಲ; ಸೈನಿಕರಿಗೆ ಚಾವಣಿಯ ಕಿಂಡಿಗಳೇ ಗತಿಯಾದವು.

ಇಸ್ರೇಲಿನ ಎಂಜಿನಿಯರುಗಳು ಬೇರೆ ಉಪಾಯ ಹೂಡಿದರು. 1967 ಮತ್ತು 1973ರ ಯುದ್ಧಗಳಲ್ಲಿ ಕೈಗೆ ಸಿಕ್ಕ ಟಿ-54, ಟಿ-55 ಟ್ಯಾಂಕುಗಳ ತೋಪುಗೋಪುರವನ್ನು ತೆಗೆದುಹಾಕಿ, ಹಳೆಯ ಎಂಜಿನಿನ ಬದಲಿಗೆ 650 ಅಶ್ವಶಕ್ತಿಯ ಅಡಕವಾದ ಡೀಸೆಲ್ ಎಂಜಿನನ್ನು ಎಡಕ್ಕೆ ಒತ್ತರಿಸಿ ಕೂಡಿಸಿದರು. ಬಲಕ್ಕೆ ಒಂದು ಓಣಿ ಬಿಡುವಾಯಿತು. ಅದರ ಕೊನೆಗೆ ಬಾಗಿಲು! ಗೋಪುರವಿಳಿದು ಉಳಿದ ತೂಕವನ್ನು ಹೆಚ್ಚಿನ ಕವಚಕ್ಕೆ ವ್ಯಯಿಸಿದರು. 'ಅಖ್ಜರಿತ್' ಎಂಬ ಈ ವಾಹನವು 1988ರಲ್ಲಿ ಬಳಕೆಗೆ ಬಂದಿತು. ಮೂವರು ಚಾಲಕವರ್ಗದವರೂ ಏಳು ಸೈನಿಕರೂ ಇದರಲ್ಲಿ ಕೂರುತ್ತಾರೆ.

ಆದರೆ ಇದರ ತೂಕ 44 ಟನ್. ನಮ್ಮ ದೇಶದಲ್ಲಿ 1987ರಿಂದ ಮೇದಕಿನಲ್ಲಿ ತಯಾರಾದ 'ಸಾರಥ್' ಎಂಬ ಕಾಲಾಳು ಯುದ್ಧವಾಹನವು ಸುಮಾರು 14 ಟನ್ ತೂಗುತ್ತದೆ. 30 ಮಿಲಿಮೀಟರಿನ ತೋಪನ್ನು ಹೊತ್ತ ಅದು ಘಟಪ್ರಭೆಯಂಥ ಹೊಳೆಯನ್ನು ತೇಲಿಕೊಂಡೇ ದಾಟಬಲ್ಲುದು. ಅಖ್ಜರಿತ್ತಿಗೆ ಗಟ್ಟಿಯಾದ ಸೇತುವೆ ಬೇಕು. ಕವಚ ಹೆಚ್ಚಿದಷ್ಟೂ ಈಜು ತಪ್ಪುತ್ತದೆ. ಯಾವ ನೆಲದಲ್ಲಿ ಕಾದಬೇಕೆಂಬುದನ್ನು ನೋಡಿಯೇ ಸೈನ್ಯವು ಆರಿಸಿಕೊಳ್ಳಬೇಕು.

ಮಡಿಕೇರಿಯ ಜನರಲ್ ತಿಮ್ಮಯ್ಯನವರ ಸ್ಮಾರಕ ಸಂಗ್ರಹಾಲಯದಲ್ಲಿ ಒಂದು ಟಿ-55 ಟ್ಯಾಂಕನ್ನು ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದ ವಿದ್ಯಾರ್ಥಿಗಳು ತೋಪನ್ನು ನೋಡಿದ ಮೇಲೆ ಒಮ್ಮೆ ಹಿಂಬದಿಗೂ ಸುತ್ತಿ ಬರಲಿ. ಏಳು ಜನರ ಪ್ರಾಣ ಉಳಿಸುವ ಬಾಗಿಲನ್ನು ಅಲ್ಲಿ ಎಲ್ಲಿ ಕೊರೆಯಬಹುದೆಂದು ಯೋಚಿಸಿ ನೋಡಲಿ.