ಹನ್ನೊಂದು ಮಂದಿಯ ಒಂದು ವಹಿ

ನಿಮ್ಮ ಸಂಘದವರು ಈ ವರ್ಷ ಎಂ.ಎ. ತರಗತಿಯಲ್ಲಿ ಎಲ್ಲರೂ ಸೇರಿ ಬರೆಯುವ ಒಂದು ವಹಿ ಇಡಬೇಕೆಂದಿದ್ದಾರಂತೆ. ಅದನ್ನು ನಡೆಸುವುದು ಹೇಗೆಂದು ಬರೆದುಕೊಡಿ ಅಂತ ನನ್ನನ್ನು ಕೇಳಿದರು. ಹಿಂದೆ ಅಂಥದೊಂದು ವಹಿಯಲ್ಲಿ ನಾನೂ ಬರೆದಿದ್ದೆ ಎಂಬುದು ಅವರಿಗೆ ಹೇಗೋ ತಿಳಿದಿದೆ. ಅದನ್ನು ಹೆಚ್ಚುಕಡಿಮೆ ಕೊಂದವನೂ ನಾನೇ ಎಂಬುದು ತಿಳಿದಿರಲಿಕ್ಕಿಲ್ಲ.

1984ರ ಮಾತು. ಮುಂಬಯಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ನಾವು ಹನ್ನೊಂದು ಮಂದಿ. ಸಂಜೆಯ ತರಗತಿ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು ಇಬ್ಬರು, ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದವರೊಬ್ಬರು, ಹೋಟೆಲಿನ ಗಲ್ಲಾ ತಮ್ಮನಿಗೆ ಒಪ್ಪಿಸಿ ಓಡಿಬರುವವರೊಬ್ಬರು. ಪಾಠ ಮುಗಿದ ಕೂಡಲೆ ಎಲ್ಲರಿಗೂ ಲೋಕಲ್ ಗಾಡಿಯ ಚಿಂತೆ. ಎರಡು ತಿಂಗಳಾದರೂ ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿರಲಿಲ್ಲವೆಂದರೆ ನಂಬುತ್ತೀರಾ? ನಮ್ಮ ಸರ್ ಇದನ್ನು ನೋಡಿ ಇನ್ನೂರು ಪುಟದ ಒಂದು ದಪ್ಪ ವಹಿ ಕೊಂಡುತಂದರು. ಹಾಜರಿ ಪಟ್ಟಿಯ ಕ್ರಮದಲ್ಲಿ ಒಬ್ಬೊಬ್ಬರ ಹತ್ತಿರ ಎರಡು ರಾತ್ರಿ ಇರಬೇಕು. ಹಿಂದಿನವರು ಬರೆದದ್ದನ್ನು ಓದಿ, ತನ್ನದೊಂದು ಪುಟ ಬರೆದು, ಮುಂದಿನವರ ಕೈಗೆ ಕೊಡಬೇಕು. ವಿಷಯ ಏನಾದರೂ ಆದೀತು. ಇಷ್ಟೇ ಕಟ್ಟಳೆ.

ಮೊದಲ ಸುತ್ತಿನಲ್ಲಿ ಏನಾಯಿತೆಂದು ನೀವೇ ಊಹಿಸಬಹುದು. ಎಲ್ಲರೂ ಪರೀಕ್ಷೆಯ ಉತ್ತರ ಬರೆದೆವು. ‘ಪ್ರಸ್ತುತ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದಾಗ ಕಂಡುಬರುವುದೇನೆಂದರೆ’ ಎಂಬ ಧಾಟಿ. ಹದಿನೈದು ವರ್ಷ ಶಾಲೆ ಕಾಲೇಜುಗಳಲ್ಲಿ ಬರೆದದ್ದೆಲ್ಲ ಅದೇ ಅಲ್ಲವೆ? ಪರೀಕ್ಷೆಯ ಉತ್ತರವೆಂಬುದು ನಿಜವಾಗಿ ವಿಚಿತ್ರ ಬರವಣಿಗೆ. ಓದುವವನಿಗೆ ವಿಷಯ ಮೊದಲೇ ಗೊತ್ತು. ಬರೆದವನಿಗೆ ಗೊತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕಷ್ಟೇ ಓದುತ್ತಾನೆ. ವಹಿಯ ಓದುಗ ಹಾಗಲ್ಲ. ನೀವು ಹೇಳದಿದ್ದರೆ ಅವನಿಗೆ ಗೊತ್ತಾಗುವುದೇ ಇಲ್ಲ. ಈ ಒಂದು ವ್ಯತ್ಯಾಸ ಕೈಗೆ ಬರಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಅದನ್ನು ಮೊದಲು ಹಿಡಿದವಳು ಡೊಂಬಿವಲಿಯಿಂದ ಬರುತ್ತಿದ್ದ ಗೆಳತಿ.

ಆಕೆಯ ತಂದೆ ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರು. ಈಕೆ ಹುಟ್ಟಿದ್ದು, ಬೆಳೆದದ್ದು ಇಲ್ಲಿಯೇ. ಹತ್ತನೆಯವರೆಗೆ ಮರಾಠಿ ಶಾಲೆ. ಮನೆಯಲ್ಲಿ ಆಡಿದ ಕನ್ನಡಕ್ಕೆ ಅಕ್ಷರ ಕಲಿತದ್ದು ಆಮೇಲೆ, ಹಟದಿಂದ. ಎರಡನೆಯ ಸುತ್ತಿನಲ್ಲಿ ಆಕೆ ತಮ್ಮ ಚಾಳಿನ ನೀರಿನ ಬಗ್ಗೆ ಬರೆದಳು. ನಸುಕಿನ ನಾಲ್ಕೂವರೆಗೆ ನಳ ಬರುತ್ತದೆ, ಮುಕ್ಕಾಲು ತಾಸಿನಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಅಮ್ಮ ಹಂಡಾ ತುಂಬಿ, ತಲೆಯ ಮೇಲೆ ಹೊತ್ತು, ಮೂರು ಮಾಳಿಗೆ ಹತ್ತಿ, ಮತ್ತೆ ಇಳಿದು ಸಾಲಿನಲ್ಲಿ ನಿಲ್ಲಬೇಕು. ಒಂದೇ ಪುಟ, ಎಂಟು ಹತ್ತು ವಾಕ್ಯ.

ಆಮೇಲೆ ಪಾಳಿ ನನ್ನದು. ನಾನು ಧಾರವಾಡದ ಕಡೆಯವ. ಕನ್ನಡ ಎಂದರೆ ನಮ್ಮದೇ ಎಂಬ ಜಂಬ ಬೇರೆ. ಕೆಂಪು ಪೆನ್ನು ತೆಗೆದುಕೊಂಡು ಆ ಪುಟದಲ್ಲಿ ಹದಿನೇಳು ಕಡೆ ತಿದ್ದಿದೆ. ಕೆಳಗೆ ‘ಕಾಗುಣಿತದ ಕಡೆ ಗಮನವಿರಲಿ’ ಎಂದು ಉಪದೇಶ ಬರೆದೆ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

ಮುಂದಿನ ಸಲ ಆಕೆಯ ಪುಟದಲ್ಲಿ ಒಂದು ತಪ್ಪೂ ಇರಲಿಲ್ಲ. ಇರುವುದಾದರೂ ಹೇಗೆ? ಸಾಹಿತ್ಯ ಚರಿತ್ರೆಯ ಪುಸ್ತಕವೊಂದರಿಂದ ಒಂದು ಪುಟ ಹಾಗೇ ಇಳಿಸಿದ್ದಳು. ಅದರ ಮುಂದಿನ ಸಲವೂ ಅಷ್ಟೇ. ವಹಿ ಎಲ್ಲರ ಕೈ ದಾಟಿ ಬರುವುದರಿಂದ ಆ ಕೆಂಪು ಗುರುತುಗಳನ್ನು ಉಳಿದವರೂ ನೋಡಿದ್ದರು. ಹೋಟೆಲಿನವರು ‘ಸಮಯ ಸಿಗಲಿಲ್ಲ’ ಎಂದು ಒಂದು ಸಾಲು ಗೀಚಿ ದಾಟಿಸಿದರು. ಬ್ಯಾಂಕಿನವರು ಮತ್ತೆ ಕೂಲಂಕಷಕ್ಕೆ ಹೋದರು. ಎಲ್ಲರ ಕನ್ನಡವೂ ಶುದ್ಧವಾಯಿತು. ಓದಲು ಮಾತ್ರ ಏನೂ ಉಳಿಯಲಿಲ್ಲ.

ಸರ್ ಬೈಯಲಿಲ್ಲ. ಒಂದು ಇಂಗ್ಲಿಷ್ ಪುಸ್ತಕ ತಂದು ಅದರ ಕಥೆ ಹೇಳಿದರು. ಇಟಲಿಯ ಫ್ಲಾರೆನ್ಸ್ ಹತ್ತಿರದ ಗುಡ್ಡಗಾಡಿನಲ್ಲಿ ಬಾರ್ಬಿಯಾನಾ ಎಂದೊಂದು ಸಣ್ಣ ಊರು. ಡಾನ್ ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು 1954ರಲ್ಲಿ ಅಲ್ಲಿಗೆ ಕಳಿಸಿದರು. ಸರ್ಕಾರಿ ಶಾಲೆಯಲ್ಲಿ ನಪಾಸಾಗಿ ಹೊರಬಿದ್ದ ರೈತರ ಮಕ್ಕಳನ್ನು ಕೂಡಿಸಿಕೊಂಡು ಅವರು ಶಾಲೆ ನಡೆಸಿದರು. ಆ ಶಾಲೆಯ ಎಂಟು ಹುಡುಗರು ಸೇರಿ ಬರೆದದ್ದೇ ‘ಶಿಕ್ಷಕಿಗೆ ಪತ್ರ’. ಇಟಾಲಿಯನ್ನಿನಲ್ಲಿ ಬಂದದ್ದು 1967ರ ಮೇ ತಿಂಗಳಲ್ಲಿ. ಮುಂದಿನ ತಿಂಗಳೇ ಮಿಲಾನಿ ತೀರಿಕೊಂಡರು, ಇನ್ನೂ ನಲವತ್ತನಾಲ್ಕು ವರ್ಷ. ಇಂಗ್ಲಿಷ್ ಅನುವಾದ ಬಂದದ್ದು 1970ರಲ್ಲಿ.

ಎಂಟು ಜನ ಒಂದು ಪುಸ್ತಕ ಬರೆಯುವುದೆಂದರೆ ಹೇಗೆ? ಅದನ್ನೂ ಆ ಹುಡುಗರು ಪುಸ್ತಕದಲ್ಲೇ ಹೇಳಿದ್ದಾರೆ. ಪ್ರತಿಯೊಬ್ಬನ ಕಿಸೆಯಲ್ಲಿ ಚೀಟಿಪುಸ್ತಕ. ಏನಾದರೂ ಹೊಳೆದರೆ ಒಂದು ಚೀಟಿಯಲ್ಲಿ ಒಂದೇ ವಿಚಾರ, ಅದೂ ಒಂದೇ ಮಗ್ಗುಲಲ್ಲಿ. ಒಂದು ದಿನ ಎಲ್ಲ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಎರಡೆರಡು ಸಲ ಬಂದದ್ದನ್ನು ತೆಗೆದುಹಾಕಿ, ಒಂದಕ್ಕೊಂದು ಸಂಬಂಧಿಸಿದವನ್ನು ಗುಂಪಿ ಹಾಕುವುದು. ದೊಡ್ಡ ಗುಂಪಿ ಅಧ್ಯಾಯ, ಅದರೊಳಗಿನ ಸಣ್ಣ ಗುಂಪಿ ಪ್ಯಾರಾ. ಪ್ರತಿ ಪ್ಯಾರಾಕ್ಕೂ ಹೆಸರಿಟ್ಟು ನೋಡುವುದು. ಹೆಸರು ಸಿಗಲಿಲ್ಲವೋ, ಅದರಲ್ಲಿ ಏನೂ ಇಲ್ಲ, ಇಲ್ಲವೆ ಬಹಳ ತುರುಕಿದೆ ಎಂದರ್ಥ. ಬರೆದಾದ ಮೇಲೆ ತೆಗೆಯುವ ಪಂದ್ಯ: ಹೆಚ್ಚಿನ ಮಾತು, ಸುಳ್ಳು, ಕಠಿಣ ಶಬ್ದ, ಉದ್ದ ವಾಕ್ಯ ಯಾರಿಗೆ ಸಿಕ್ಕೀತು ಎಂದು. ಕಡೆಗೆ ಹೊರಗಿನವರನ್ನು ಒಬ್ಬೊಬ್ಬರಾಗಿ ಕರೆದು ಓದಿಸುವುದು. ಬಹಳ ಓದಿದವರನ್ನು ಕರೆಯಬಾರದು! ತಾವು ಹೇಳಬೇಕೆಂದದ್ದು ಅವರಿಗೆ ತಿಳಿಯಿತೇ ಎಂಬುದಷ್ಟೇ ಪರೀಕ್ಷೆ.

ಈ ಪದ್ಧತಿಗೂ ಒಂದು ಹಿನ್ನೆಲೆ ಇದೆ. ಮಾರಿಯೊ ಲೋಡಿ ಎಂಬ ಶಿಕ್ಷಕರ ಮಕ್ಕಳಿಗೂ ಬಾರ್ಬಿಯಾನಾದ ಮಕ್ಕಳಿಗೂ 1963ರಲ್ಲಿ ಪತ್ರವ್ಯವಹಾರ ಶುರುವಾಯಿತು. ಎಲ್ಲರೂ ಕೂಡಿ ಪತ್ರ ಬರೆಯುವ ಅಭ್ಯಾಸ ಅಲ್ಲಿಂದ. ಅದಕ್ಕೂ ಮೊದಲು ಫ್ರಾನ್ಸಿನಲ್ಲಿ ಸೆಲೆಸ್ತಾಂ ಫ್ರೆನೆ ಎಂಬ ಹಳ್ಳಿಯ ಶಿಕ್ಷಕರು 1924ರಲ್ಲಿ ತರಗತಿಯೊಳಗೇ ಒಂದು ಪುಟ್ಟ ಅಚ್ಚಿನ ಯಂತ್ರ ಇಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಅವರಿಗೆ ಬಹಳ ಹೊತ್ತು ಮಾತಾಡಲು ಆಗುತ್ತಿರಲಿಲ್ಲ. ದಕ್ಷಿಣದ ಅವರ ಮಕ್ಕಳು ಬರೆದು, ಅಚ್ಚು ಹಾಕಿ, 1926ರಿಂದ ದೂರದ ಬ್ರಿಟನಿಯ ಕಡಲದಂಡೆಯ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿಯ ಮಕ್ಕಳಿಗೆ ಇಲ್ಲಿಯ ಬದುಕು ಗೊತ್ತಿಲ್ಲ, ಇವರಿಗೆ ಅಲ್ಲಿಯದು. ಹೇಳಲೇಬೇಕು.

ಇದನ್ನು ಕೇಳಿದ ರಾತ್ರಿ ವಹಿ ನನ್ನ ಹತ್ತಿರ ಇತ್ತು. ನೀರಿನ ಪುಟವನ್ನು ಮತ್ತೆ ಓದಿದೆ. ಈ ಸಲ ತಪ್ಪು ಹುಡುಕುವುದಕ್ಕಲ್ಲ. ಹದಿನೇಳು ಕೆಂಪು ಗುರುತುಗಳಲ್ಲಿ ಹನ್ನೊಂದು ಒಂದೇ ಜಾತಿಯವು: ‘ಹೋದಳು’ ಎಂಬಲ್ಲಿ ‘ಹೊದಳು’, ‘ಬೇರೆ’ ಎಂಬಲ್ಲಿ ‘ಬೆರೆ’. ಮರಾಠಿ ಬರೆಯುವಾಗ ಎ, ಏ ಎಂದು ಎರಡಿಲ್ಲ, ಒ, ಓ ಎಂದೂ ಎರಡಿಲ್ಲ; ಒಂದೊಂದೇ ಅಕ್ಷರ. ಹತ್ತು ವರ್ಷ ಆ ಲಿಪಿಯಲ್ಲಿ ಬರೆದ ಕೈಗೆ ಹ್ರಸ್ವ ದೀರ್ಘ ಬೇರೆ ಮಾಡುವ ಅಭ್ಯಾಸ ಎಲ್ಲಿಂದ ಬರಬೇಕು? ಇದು ಅಲಕ್ಷ್ಯವಲ್ಲ, ಒಂದೇ ಕಾರಣದ ಹನ್ನೊಂದು ರೂಪ. ಒಂದು ಮಾತಿನಲ್ಲಿ ಹೇಳಿಕೊಟ್ಟರೆ ಮುಗಿಯುತ್ತಿತ್ತು. ಭಾಷಾವಿಜ್ಞಾನದ ಪತ್ರಿಕೆಗೆ ಧ್ವನಿಮಾ ಎಂದು ಬಾಯಿಪಾಠ ಮಾಡುತ್ತಿದ್ದ ನನಗೆ ಅದು ಕಣ್ಣೆದುರಿಗಿದ್ದಾಗ ಕಾಣಲಿಲ್ಲ.

ಇನ್ನೊಂದು ಗುರುತು ನೋಡಿ ನಾಚಿಕೆಯಾಯಿತು. ಆಕೆ ಬರೆದ ‘ಹಂಡಾ’ ಎಂಬುದನ್ನು ನಾನು ‘ಹಂಡೆ’ ಎಂದು ತಿದ್ದಿದ್ದೆ. ನಮ್ಮ ಕಡೆ ಹಂಡೆ ಎಂದರೆ ಬಚ್ಚಲ ಒಲೆಯ ಮೇಲೆ ಹೂಡಿದ್ದು, ಮನೆಮಂದಿಗೆಲ್ಲ ನೀರು ಕಾಯುವಂಥದು. ನನ್ನ ತಿದ್ದುಪಡಿಯ ಪ್ರಕಾರ ಆ ತಾಯಿ ಅದನ್ನು ತಲೆಯ ಮೇಲೆ ಹೊತ್ತು ಮೂರು ಮಾಳಿಗೆ ಹತ್ತುತ್ತಾಳೆ! ಪೆನ್ಸಿಲಿನಿಂದ ಪಕ್ಕದಲ್ಲಿ ಬರೆದೆ: ‘ಹಂಡೆ ಎಂದು ತಿದ್ದಿದ್ದು ನನ್ನ ತಪ್ಪು. ಹಂಡಾ ಎಂದರೆ ಎಷ್ಟು ದೊಡ್ಡದು? ನಿಮ್ಮ ತಾಯಿ ಎಷ್ಟು ಸಲ ಹತ್ತಬೇಕಾಗುತ್ತಿತ್ತು?’

ಮೂರು ವಾರಕ್ಕೆ ಉತ್ತರ ಬಂತು. ‘ನಿಮ್ಮ ಬಚ್ಚಲ ಹಂಡೆ ಅಲ್ಲ ಮಾರಾಯ್ರೆ. ನೀರು ಹೊರ್ಲಿಕ್ಕೆ ಇಡುವುದು ಉಂಟಲ್ಲ, ತಾಮ್ರದ್ದು, ಅದು. ಆರು ಸಲ. ನಾನು ದೊಡ್ಡವಳಾದ ಮೇಲೆ ಮೂರು ಅಮ್ಮ, ಮೂರು ನಾನು.’ ಅದರ ಕೆಳಗೆ ಕಲಬುರ್ಗಿಯ ಗೆಳೆಯ ತಮ್ಮೂರ ಬಾವಿಯ ಬಗ್ಗೆ ಬರೆದ. ಹೋಟೆಲಿನವರು ‘ನನಗೆ ನಾಳೆ ಊರಿಗೆ ಹೋಗ್ಲಿಕ್ಕುಂಟು’ ಎಂದು ಬರೆದದ್ದಕ್ಕೆ, ಹೋಗಬೇಕಾಗಿದೆ ಅಂತಲೋ ಹೋಗುವ ಆಸೆ ಅಂತಲೋ ಎಂದು ಮೂರು ಪುಟ ಚರ್ಚೆ ನಡೆಯಿತು. ಉಪಭಾಷೆಗಳ ಪಾಠಕ್ಕೆ ಸರ್ ಅದನ್ನೇ ಉದಾಹರಣೆ ಮಾಡಿಕೊಂಡರು.

ಈಗ ನಿಮ್ಮ ವಹಿಯ ಮಾತು. ಬಲಪುಟದಲ್ಲಿ ಬರೆಯಿರಿ, ಎಡಪುಟ ಓದಿದವರಿಗೆ ಬಿಡಿ. ಓದಿದವರು ‘ಚೆನ್ನಾಗಿದೆ’ ಎಂದು ಬರೆಯಕೂಡದು, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ತಿಳಿಯದ್ದನ್ನು ಕೇಳಬೇಕು. ಕೇಳಿದ್ದಕ್ಕೆ ಉತ್ತರ ಕೊಡುವುದು ಬರೆದವರ ಹೊಣೆ. ಸರ್ ಕೂಡ ಪಾಳಿಯಲ್ಲಿ ನಿಂತು ಒಂದು ಪುಟ ಬರೆಯಲಿ. ಅವರು ಬರೆಯದೆ ಬರೀ ಓದುವುದಾದರೆ ಮತ್ತೆ ಪರೀಕ್ಷೆಯೇ. ಎರಡು ರಾತ್ರಿಗಿಂತ ಹೆಚ್ಚು ಯಾರೂ ಇಟ್ಟುಕೊಳ್ಳಬೇಡಿ. ನಮ್ಮದು ಒಮ್ಮೆ ದೀಪಾವಳಿ ರಜೆಗೆ ಊರಿಗೆ ಹೋಗಿ ಒಂದು ತಿಂಗಳು ಬರಲಿಲ್ಲ.

ಹಾಗಾದರೆ ತಪ್ಪು ತಿದ್ದುವುದೇ ಬೇಡವೆ? ಬೇಕು. ಹಳ್ಳಿ ಹೋಗಿ ಹಲ್ಲಿಯಾದರೆ, ಹಕ್ಕಿ ಹೋಗಿ ಅಕ್ಕಿಯಾದರೆ ಅರ್ಥವೇ ಕೆಡುತ್ತದೆ. ಆದರೆ ಅದಕ್ಕೆ ಹೊತ್ತು ಬೇರೆ. ನಾವು ವರ್ಷದ ಕೊನೆಗೆ ವಹಿಯಿಂದ ಆರಿಸಿ ಸೈಕ್ಲೋಸ್ಟೈಲ್ ಸಂಚಿಕೆ ತಂದೆವು. ಸ್ಟೆನ್ಸಿಲ್ ಹಾಳೆಯ ಮೇಲೆ ಮೊಳೆಯಂಥ ಲೇಖನಿಯಿಂದ ಕೊರೆಯುವಾಗ ಒಂದು ಅಕ್ಷರ ತಪ್ಪಿದರೂ ದ್ರಾವಣ ಹಚ್ಚಿ, ಒಣಗಿಸಿ, ಮತ್ತೆ ಕೊರೆಯುವ ಕಷ್ಟ. ಆದ್ದರಿಂದ ಕೊರೆಯುವ ಮೊದಲು ಬರೆದವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಗಟ್ಟಿಯಾಗಿ ಓದಿಸಿ ತಿದ್ದಿದೆವು. ಬಾಯಲ್ಲಿ ‘ಹೋದಳು’ ಎಂದು ಸರಿಯಾಗಿಯೇ ಬರುತ್ತಿತ್ತು. ಕಿವಿ ಕೇಳಿದ್ದನ್ನು ಕೈ ತಾನಾಗಿ ಸರಿಮಾಡಿಕೊಂಡಿತು.

ನೀರಿನ ಪುಟ ಆ ಸಂಚಿಕೆಯಲ್ಲಿ ಮೊದಲನೆಯದು. ಕೊರೆದವನು ನಾನು. ಹಂಡಾ ಎಂದೇ ಕೊರೆದೆ.