ಮರಳಿನ ಮೇಲೇ ದುರಸ್ತಿ ಕಾಣುವ ನಾಡದೋಣಿ

ಕಾಪು, ಪಡುಬಿದ್ರಿಗಳ ನಡುವಿನ ಎರ್ಮಾಳಿನಲ್ಲಿ ಮಲ್ಪೆಯಂಥ ಬಂದರಿಲ್ಲ. ಇಂಥ ತೀರಗಳಲ್ಲಿ ನಾಡದೋಣಿ ನೇರ ಮರಳಿಗೆ ಬಂದು ತಾಗುತ್ತದೆ. ಜನ ಸೇರಿ ಅದನ್ನು ಮೇಲಕ್ಕೆಳೆಯುತ್ತಾರೆ. ದೋಣಿಯ ಅಡಿಭಾಗ ಹೆಚ್ಚು ಸವೆಯುವುದು ಈ ಎಳೆದಾಟದಲ್ಲೇ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳಿಗೆ ಉಜ್ಜಿದರಂತೂ ಬಿರುಕು ಖಂಡಿತ.

ಹಿಂದಿನ ಮರದ ದೋಣಿಗಳಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವ ಪದ್ಧತಿಯಿತ್ತು. ನೀರು ಹಿಡಿಯದಂತೆ ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದರು. ಈಗ ಫೈಬರ್ ದೋಣಿಗಳದ್ದೇ ಕಾಲ. ಹಗುರ, ಹುಳು ಹಿಡಿಯದು ಎಂಬ ಗುಣ ಅಲ್ಯೂಮಿನಿಯಂ ದೋಣಿಗೂ ಇದೆ. ಆದರೆ ಅದರ ಬಿರುಕು ಬೆಸೆಯಲು ಆರ್ಗಾನ್ ವೆಲ್ಡಿಂಗ್, ಪಳಗಿದ ಕೈ ಎರಡೂ ಬೇಕು. ಉಪ್ಪುನೀರಿನಲ್ಲಿ ತಾಮ್ರ, ಕಬ್ಬಿಣ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಫೈಬರಿಗಾದರೆ ಗಾಜಿನೆಳೆಯ ಮ್ಯಾಟ್, ರೆಸಿನ್, ಹಾರ್ಡನರ್, ಒಂದು ಗ್ರೈಂಡರ್ ಇದ್ದರೆ ಸಾಕು. ದಡದಲ್ಲೇ, ದೋಣಿಯವರ ಕೈಯಲ್ಲೇ ಕೆಲಸ ಮುಗಿಯುತ್ತದೆ.

ದುರಸ್ತಿಗೆ ಹೊಂದುವುದು ಬೇಸಗೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಆದರೆ 10 ಅಶ್ವಶಕ್ತಿಯವರೆಗಿನ ಇಂಜಿನ್ನಿನ ನಾಡದೋಣಿಗೆ ವಿನಾಯಿತಿಯುಂಟು. ಮಳೆಗಾಲದ ತೂಫಾನ್ ಎದ್ದಿಳಿದು ಕಡಲು ಹದಕ್ಕೆ ಬಂದೊಡನೆ ಅದು ನೀರಿಗಿಳಿಯಬೇಕು. ಮೇಲಾಗಿ ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ.

ಮೊದಲು ಸಿಹಿನೀರಿನಿಂದ ಉಪ್ಪು ತೊಳೆದು, ದೋಣಿಯನ್ನು ಕವುಚಿ ಒಣಗಿಸಬೇಕು. ಆಮೇಲೆ ಸುತ್ತಿಗೆಯ ಹಿಡಿಯಿಂದ ಮೈಯೆಲ್ಲ ತಟ್ಟಿ ನೋಡುವುದು. ಗಟ್ಟಿ ಜಾಗ ಟಣ್ಣೆನ್ನುತ್ತದೆ; ಪದರ ಬಿಟ್ಟಲ್ಲಿ ಸದ್ದು ಮಂಕು. ಕೆಟ್ಟ ಭಾಗವನ್ನು ಗ್ರೈಂಡರಿನಿಂದ ಗಟ್ಟಿ ಪದರ ಸಿಗುವವರೆಗೂ ಕೆರೆದು, ಅಂಚನ್ನು ಇಳಿಜಾರಾಗಿ ತೇಯಬೇಕು. ಇಳಿಜಾರಿನ ಅಗಲ ದಪ್ಪದ 12 ಪಟ್ಟು ಇದ್ದರೆ ಒಳ್ಳೆಯದು; 6 ಮಿಲಿಮೀಟರ್ ದಪ್ಪದ ಮೈಗೆ ಸುಮಾರು 7 ಸೆಂಟಿಮೀಟರ್. ಅವಸರದವರು ಬಿಡುವುದು ಇದನ್ನೇ. ನೇರ ಅಂಚಿಗೆ ಹಚ್ಚಿದ ತೇಪೆ ನಾಲ್ಕು ಅಲೆ ಬಡಿದರೆ ಬಿಟ್ಟುಕೊಳ್ಳುತ್ತದೆ. ತೇಯುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಡುಕು. ಮುಖಕ್ಕೆ ಬಟ್ಟೆ ಸುತ್ತಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು.

ಅಸಿಟೋನಿನಿಂದ ಒರೆಸಿದ ಮೇಲೆ ರೆಸಿನ್ ಬಳಿದು, ಮ್ಯಾಟ್ ಹಾಸಿ, ಮತ್ತೆ ರೆಸಿನ್ ಕುಡಿಸಿ, ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರಹಾಕಬೇಕು. ಹಾರ್ಡನರ್ ಸಾಮಾನ್ಯವಾಗಿ ನೂರಕ್ಕೆ 1ರಿಂದ 2 ಪಾಲು. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ರೆಸಿನ್ ಬಿಸಿಯೇರಿ ಬಿರಿಯುತ್ತದೆ. ಕರಾವಳಿಯ ಸೆಕೆಗೆ ಒಂದು ಸಲಕ್ಕೆ ಸ್ವಲ್ಪವೇ ಕಲಸುವುದು ಜಾಣತನ. ರೆಸಿನ್ ಗಟ್ಟಿಯಾಗಲು ನೆರವಾಗುವ ಕೋಬಾಲ್ಟನ್ನು ಬೇರೆಯಾಗಿ ತಂದಿದ್ದರೆ ಅದನ್ನು ಹಾರ್ಡನರ್ ಜೊತೆ ನೇರವಾಗಿ ಬೆರೆಸಲೇಬಾರದು, ಸಿಡಿಯುತ್ತದೆ. ಪದರಗಳು ಗಟ್ಟಿಯಾದ ಮೇಲೆ ಉಜ್ಜಿ, ಜೆಲ್ ಕೋಟ್ ಕೊಟ್ಟು, ಬಣ್ಣ ಬಳಿದರೆ ಮುಗಿಯಿತು.

ಹೆಚ್ಚಾಗಿ ಮೋಸ ಮಾಡುವುದು ಇಂಜಿನ್ ಕೂರಿಸುವ ಹಲಗೆ. ಫೈಬರಿನೊಳಗೆ ಮುಚ್ಚಿರುವ ಮರಕ್ಕೆ ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಒಳಗೊಳಗೇ ಕೊಳೆಯುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಹಳೆಯ ದೋಣಿ ಕೊಳ್ಳುವವರು ಮೊದಲು ಅಲ್ಲಿ ಒಂದು ಬೋಲ್ಟ್ ಬಿಚ್ಚಿಸಿ ನೋಡಲಿ. ತೂತಿನಿಂದ ಕಪ್ಪು ನೀರು ಸುರಿದರೆ ಆ ಹಲಗೆಯನ್ನೇ ಬದಲಿಸಬೇಕು, ತೇಪೆಯಿಂದ ಆಗುವ ಕೆಲಸವಲ್ಲ.